ಏಳೂವರೆ ಇಂಚಿನ ಶನಿ

ನಮ್ಮ ಹಳೇ ಟಿವಿಗೆ ಮೊದಲು ಬಲಗಡೆ ಒಂದು ಹಸಿರು ಗೆರೆ ಬಂತು. ಮೇಲಿಂದ ಕೆಳಗೆ, ಸ್ಕೇಲಿಟ್ಟು ಎಳೆದ ಹಾಗೆ. ಒಂದೇ ಗೆರೆ ತಾನೇ ಅಂತ ಮೂರು ತಿಂಗಳು ತಳ್ಳಿದೆವು. ಆಮೇಲೆ ಗೆರೆಗೆ ಸಂಸಾರವಾಯಿತು, ಮಕ್ಕಳು ಮರಿಯಾದವು. ಕೊನೆಗೆ ಧಾರಾವಾಹಿಯ ಅತ್ತೆ, ಸೊಸೆ ಇಬ್ಬರೂ ಜೈಲಿನ ಕಂಬಿ ಹಿಂದೆ ನಿಂತು ಜಗಳವಾಡುವ ಹಾಗೆ ಕಾಣತೊಡಗಿದಾಗ ಅಮ್ಮ ಹೇಳಿದರು, “ಇಬ್ಬರಿಗೂ ಆಗಬೇಕಾದ್ದೇ ಆಯ್ತು ಬಿಡು. ಇನ್ನು ಹೊಸದು ತಾ.”

ಇದಕ್ಕೇ ಕಾಯುತ್ತಿದ್ದವನು ನನ್ನ ಮಗ. ಇಂಜಿನಿಯರಿಂಗ್ ಮೊದಲ ವರ್ಷ. ಪಿಯುಸಿಯಲ್ಲಿ ಒಳ್ಳೇ ಮಾರ್ಕ್ಸ್ ತೆಗೆದಿದ್ದಕ್ಕೆ ಅವನ ಸೋದರಮಾವ ಒಂದು ಪಿಎಸ್ 5 ಕೊಡಿಸಿದ್ದರು. ಮಾವ ಕೊಡಿಸಿದ್ದು ಆಟದ ಪೆಟ್ಟಿಗೆ, ಅದಕ್ಕೆ ತಕ್ಕ ಟಿವಿ ಕೊಡಿಸುವ ಭಾಗ್ಯ ಅಪ್ಪನದು. ಆನೆ ದಾನ ಕೊಟ್ಟವರು ಹುಲ್ಲು ಕೊಡುತ್ತಾರಾ?

ಮಗ ಒಂದು ಚೀಟಿ ಬರೆದುಕೊಟ್ಟ. 4ಕೆ. 120 ಹರ್ಟ್ಸ್. ಎಚ್‌ಡಿಎಂಐ 2.1. ವಿಆರ್‌ಆರ್. ಎಎಲ್‌ಎಲ್‌ಎಂ. ಮೆಡಿಕಲ್ ಸ್ಟೋರಿಗೆ ತಗೊಂಡು ಹೋಗಿದ್ದರೆ ಅವರೂ ಏನಾದರೂ ಕೊಟ್ಟು ಕಳಿಸುತ್ತಿದ್ದರು.

ನಾನು ಹಾಸನದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಇಪ್ಪತ್ತೆರಡು ವರ್ಷದಿಂದ ಹತ್ತನೇ ಕ್ಲಾಸು. ಅಂಕಿ ಸಂಖ್ಯೆ ಅಂದರೆ ನನಗೆ ಹೆದರಿಕೆಯಿಲ್ಲ. ಹಾಗಾಗಿ ಚೀಟಿಯನ್ನ ಒಂದು ಲೆಕ್ಕದ ಹಾಗೆ ತಗೊಂಡೆ. 4ಕೆ ಅಂದರೆ ಅಡ್ಡಕ್ಕೆ 3840 ಚುಕ್ಕಿ, ಉದ್ದಕ್ಕೆ 2160. 3840 ಅನ್ನ ನಾಲ್ಕು ಸಾವಿರ ಅಂತ ಬರೆದರೆ ನನ್ನ ಕ್ಲಾಸಿನಲ್ಲಿ ಸೊನ್ನೆ ಕೊಡುತ್ತೇನೆ, ಟಿವಿ ಕಂಪನಿಗಳಿಗೆ ಕೇಳುವವರಿಲ್ಲ. 120 ಹರ್ಟ್ಸ್ ಅಂದರೆ ಸೆಕೆಂಡಿಗೆ 120 ಚಿತ್ರ. 60 ಸಾಲದೇನೋ ಅಂದೆ. “ಅಪ್ಪ, ಕಾರು ತಿರುಗೋವಾಗ ಮಸುಕಾಗುತ್ತೆ” ಅಂದ. ನಮ್ಮ ಬಿಎಂ ರೋಡಲ್ಲಿ ನಿಜವಾದ ಕಾರುಗಳೇ ತಿರುಗಕ್ಕಾಗದೆ ನಿಂತಿರುತ್ತವೆ, ಇವನಿಗೆ ಟಿವಿಯೊಳಗಿನ ಕಾರಿನ ಚಿಂತೆ.

ಒಂದು ಅನುಕೂಲವಿತ್ತು. 2025ರ ಸೆಪ್ಟೆಂಬರ್ 22ರಿಂದ, 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿತ್ತು. 50 ಸಾವಿರದ ಮೇಲೆ ಹತ್ತು ಪರ್ಸೆಂಟ್ ಅಂದರೆ ನೇರ 5,000 ರೂಪಾಯಿ ಉಳಿತಾಯ. ಈ 5,000ವನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಂಗಡಿಗೆ ಹೋದರೆ ಅಲ್ಲಿ ಮಾರೋ ಹುಡುಗ ನನ್ನ ಹಳೇ ವಿದ್ಯಾರ್ಥಿ. ಗಣಿತದಲ್ಲಿ ಸರಿಯಾಗಿ 35 ತಗೊಂಡು ಪಾಸಾದವನು. ಅವನ ತಮ್ಮ ಈಗ ನನ್ನ ಕ್ಲಾಸಲ್ಲೇ ಇದ್ದಾನೆ, ಕೊನೇ ಬೆಂಚು. ನನ್ನ ಕಂಡ ಕೂಡಲೇ ಹುಡುಗ ಎದ್ದು ನಿಂತು ಕೈ ಕಟ್ಟಿದ. ಆ ಕ್ಷಣ ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ, ಚೌಕಾಸಿ ಮಾಡೋದೇ ಮರೆತೆ.

ಮೊದಲು ಓಎಲ್‌ಇಡಿ ತೋರಿಸಿದ. ಅದರಲ್ಲಿ ಒಂದೊಂದು ಚುಕ್ಕಿಗೂ ಅದರದೇ ಬೆಳಕು. ಕಪ್ಪು ಬೇಕಾದ ಕಡೆ ಚುಕ್ಕಿ ಪೂರ್ತಿ ಆರಿಹೋಗುತ್ತದೆ, ಅದಕ್ಕೇ ಕಪ್ಪು ಅಂದರೆ ಅಮಾವಾಸ್ಯೆ ಕಪ್ಪು. ಮಗನ ಬಾಯಲ್ಲಿ ನೀರೂರಿತು. ಬೆಲೆ ಕೇಳಿ ನನ್ನ ಬಾಯಿ ಒಣಗಿತು. ಹುಡುಗನೇ ಕಾಪಾಡಿದ. “ಮನೇಲಿ ಯಾರಾದ್ರೂ ದಿನಪೂರ್ತಿ ಒಂದೇ ಚಾನೆಲ್ ನೋಡ್ತಾರಾ ಸಾರ್? ಹಾಗಾದ್ರೆ ಮೂಲೇಲಿರೋ ಲೋಗೋ ಸ್ಕ್ರೀನ್ ಮೇಲೆ ಅಚ್ಚಾಗಿ ಉಳಿಯೋ ಚಾನ್ಸ್ ಇರುತ್ತೆ.” ವರ್ಷಗಟ್ಟಲೆ ಕ್ಯಾಲೆಂಡರ್ ತೂಗುಹಾಕಿದ ಗೋಡೆ ಮೇಲೆ ಚೌಕ ಉಳಿಯುತ್ತಲ್ಲ, ಹಾಗೆ. ನಮ್ಮಮ್ಮ ಬೆಳಗ್ಗೆ ಹಾಕಿದ ಚಾನೆಲನ್ನ ರಾತ್ರಿ ಮಲಗುವಾಗಲೇ ಆರಿಸೋದು. ಅಮ್ಮನ ಹೆಸರಲ್ಲಿ ಓಎಲ್‌ಇಡಿ ಬೇಡವೆಂದು ತೀರ್ಮಾನವಾಯಿತು. ನಾವು ಕ್ಯೂಎಲ್‌ಇಡಿಗೆ ಇಳಿದೆವು. ಇದರಲ್ಲಿ ಹಿಂದಿನಿಂದ ಬೆಳಕು ಬಿಡುತ್ತಾರೆ. ಇಂಗ್ಲಿಷಿನ ಓ ಅಕ್ಷರಕ್ಕೆ ಒಂದು ಸಣ್ಣ ಬಾಲ ಬಂದು ಕ್ಯೂ ಆದರೆ ಸಾಕು, ಬೆಲೆ ಅಷ್ಟು ಇಳಿಯುತ್ತೆ ನೋಡಿ.

55 ಇಂಚು, 120 ಹರ್ಟ್ಸ್, ಅರವತ್ತು ಸಾವಿರಕ್ಕೆ ಸ್ವಲ್ಪ ಒಳಗೆ. ಡಬ್ಬದ ಮೇಲೆ 139 ಸೆಂ.ಮೀ. ಅಂತ ಬರೆದಿತ್ತು. ಅಲ್ಲೇ 2.54ರಿಂದ ಭಾಗಿಸಿದೆ. 54.7 ಬಂತು. “ಕಾಲು ಇಂಚು ಚಿಲ್ಲರೆ ಕಮ್ಮಿ ಕೊಟ್ಟಿದ್ದೀರಲ್ಲಪ್ಪಾ” ಅಂತ ಹುಡುಗನನ್ನ ಗದರಿಸಿದೆ. ಅವನು ತಲೆ ಕೆರೆದುಕೊಂಡ. ಇವತ್ತು ಅದನ್ನ ನೆನೆದರೆ ನನಗೆ ನನ್ನ ತಲೆ ಕೆರೆದುಕೊಳ್ಳಬೇಕು ಅನ್ನಿಸುತ್ತದೆ.

ಅದೇ ಹೊತ್ತಿಗೆ ಹಾಸನಾಂಬೆ ಬಾಗಿಲು ತೆಗೆದಿತ್ತು. ವರ್ಷಕ್ಕೊಂದೇ ಸಲ, ದೀಪಾವಳಿ ಆಸುಪಾಸಿನಲ್ಲಿ ಕೆಲವು ದಿನ ಮಾತ್ರ ದೇವಿ ದರ್ಶನ. ಆಗ ಊರಲ್ಲಿ ಸೈಕಲ್ ತಳ್ಳಿಕೊಂಡು ಹೋಗೋದೂ ಕಷ್ಟ. “ಜನ ಕಮ್ಮಿಯಾದ ಮೇಲೆ ಕಳಿಸ್ತೀವಿ ಸಾರ್” ಅಂದರು. ಒಳ್ಳೇದೇ ಆಯಿತು ಅಂದುಕೊಂಡೆ. ಆ ಸಮಯದಲ್ಲಿ ಶೋಕೇಸು ಸರಿ ಮಾಡಿಸಬಹುದಲ್ಲ.

ಶೋಕೇಸು ಅಮ್ಮನ ಆಸ್ತಿ. ಬೀಟೆ ಮರದ್ದು. ನಡುವೆ ಟಿವಿಗೆ ಗೂಡು, ಪಕ್ಕದ ಗೂಡಿನಲ್ಲಿ ಅಮ್ಮನ ಮದುವೆಗೆ ತವರಿನಿಂದ ಬಂದ ಪಟ್ಟದ ಗೊಂಬೆ ಜೋಡಿ. ಟಿವಿ ಗೂಡಿನ ಅಗಲ 49 ಇಂಚು. 55 ಇಂಚಿನ ಟಿವಿ ಇದರಲ್ಲಿ ಕೂರಲು ಹೇಗೆ ಸಾಧ್ಯ? ಆಚಾರ್ರನ್ನ ಕರೆಸಿದೆ. ಟೇಪು ಹಿಡಿದು, ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು, ಗಾಳಿಯಾಡಲಿ ಅಂತ ಒಂದಿಂಚು ಜಾಸ್ತಿ ಸೇರಿಸಿ 56 ಅಂತ ಗುರುತು ಹಾಕಿಕೊಟ್ಟೆ. ಗೊಂಬೆ ಗೂಡಿನ ನಡುಗೋಡೆ ಹೋಯಿತು. ಗೊಂಬೆಗಳು ಬೀರುವಿನ ಮೇಲಕ್ಕೆ ಹೋದವು. ಆಚಾರ್ರು 6,500 ತಗೊಂಡರು. ಈಗ ಆ 5,000ವನ್ನ ನೆನಪು ಮಾಡಿಕೊಳ್ಳಿ.

ಟಿವಿ ಬಂತು. ಗೂಡಿಗಿಟ್ಟರೆ ಬಲಗಡೆ ಅಷ್ಟಗಲ ಬಾಯಿ ತೆರೆದುಕೊಂಡಿತು. ಟೇಪು ಹಿಡಿದೆ. ಟಿವಿಯ ಅಗಲ ನಲವತ್ತೆಂಟೂವರೆ. ಮತ್ತೆ ಹಿಡಿದೆ. ನಲವತ್ತೆಂಟೂವರೆ. ಖಾಲಿ ಜಾಗ ಸರಿಯಾಗಿ ಏಳೂವರೆ ಇಂಚು.

“ಏಳೂವರೆನಾ? ಏಳೂವರೆ ಅಂದ್ರೆ ಶನಿ ಕಾಟ ಕಣೋ” ಅಂದರು ಅಮ್ಮ. ಗೊಂಬೆ ಇಳಿಸಿದ ದಿನದಿಂದ ಅವರು ನನ್ನ ಜೊತೆ ಆಡಿದ ಮೊದಲ ಮಾತು.

ನನ್ನ ರಕ್ತ ಕುದಿಯಿತು. ಅಂಗಡಿಗೆ ಫೋನ್ ಹಚ್ಚಿದೆ. “ಏನಪ್ಪಾ, ಮೇಷ್ಟ್ರಿಗೇ ಮೋಸನಾ? 55 ಅಂತ ದುಡ್ಡು ತಗೊಂಡು 48 ಕಳಿಸಿದ್ದೀರಲ್ಲ!” ಪಾಪ, ಹುಡುಗ ಅಂಗಡಿ ಮುಚ್ಚಿಕೊಂಡು ಸಂಜೆ ಮನೆಗೇ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದು, ನನ್ನ ಕೈಯಿಂದ ಟೇಪು ತಗೊಂಡ. ಒಂದು ತುದಿಯನ್ನ ಸ್ಕ್ರೀನಿನ ಎಡಗಡೆ ಮೇಲಿನ ಮೂಲೆಗೆ ಹಿಡಿದ. ಇನ್ನೊಂದು ತುದಿಯನ್ನ ಬಲಗಡೆ ಕೆಳಗಿನ ಮೂಲೆಗೆ ಎಳೆದು, “ನೀವೇ ನೋಡಿ ಸಾರ್” ಅಂದ.

ಐವತ್ತೈದಕ್ಕೆ ಕೂದಲೆಳೆಯಷ್ಟು ಕಮ್ಮಿ.

ಹಾಲಲ್ಲಿ ಫ್ಯಾನ್ ತಿರುಗುವ ಸದ್ದು ಮಾತ್ರ. ಹುಡುಗ ತುಂಬಾ ಮೆತ್ತಗೆ, ಮರ್ಯಾದೆಯಿಂದ ಹೇಳಿದ, “ಮೂಲೆಯಿಂದ ಮೂಲೆಗೆ ಸಾರ್. ನೀವೇ ಹೇಳ್ಕೊಟ್ಟಿದ್ದು. ಲಂಬಕೋನ ತ್ರಿಭುಜದಲ್ಲಿ ವಿಕರ್ಣದ ಮೇಲಿನ ವರ್ಗವು...”

ಮುಂದಿನದನ್ನ ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲ. ಅಡುಗೆಮನೆಯಿಂದ ನನ್ನ ಹೆಂಡತಿ ಹೇಳಿದಳು, ಒಗ್ಗರಣೆ ಸೌಟಿನ ಸಮೇತ, “...ಉಳಿದೆರಡು ಬಾಹುಗಳ ಮೇಲಿನ ವರ್ಗಗಳ ಮೊತ್ತಕ್ಕೆ ಸಮ.” ಇಪ್ಪತ್ತು ವರ್ಷ ನನ್ನ ಮನೆ ಪಾಠ ಕೇಳಿಸಿಕೊಂಡ ಪುಣ್ಯ.

ರಾತ್ರಿ ಕದ್ದುಮುಚ್ಚಿ ಲೆಕ್ಕ ಹಾಕಿದೆ. ಪರದೆಯ ಅಗಲ 48, ಎತ್ತರ 27. 2304ಕ್ಕೆ 729 ಕೂಡಿದರೆ 3033. ವರ್ಗಮೂಲ 55 ಚಿಲ್ಲರೆ. 49 ಇಂಚಿನ ಹಳೇ ಗೂಡಿನಲ್ಲಿ ಟಿವಿ ಅರ್ಧ ಇಂಚು ಉಳಿಸಿಕೊಂಡು ಕೂರುತ್ತಿತ್ತು. ಅಷ್ಟು ನೀಟಾಗಿ ನಾನು ಕೂತಿದ್ದರೆ ಸಾಕಿತ್ತು.

ಇನ್ನು ಟಿವಿ ನೋಡಿದ ಕಥೆ. ಮೊದಲ ಸಲ ಹಾಕಿದಾಗ ‘ಮನೆ’ಯೋ ‘ಅಂಗಡಿ’ಯೋ ಅಂತ ಟಿವಿ ಕೇಳಿತು. ಅಂಗಡಿಯಿಂದ ತಂದಿದ್ದಲ್ವಾ ಅಂತ ನಾನು ಅಂಗಡಿ ಒತ್ತಿದೆ. ಎರಡು ದಿನ ಟಿವಿ ತನ್ನ ಗುಣಗಾನ ತಾನೇ ಮಾಡಿಕೊಂಡಿತು. ನಾವು ಬೆಳಕು ಕಮ್ಮಿ ಮಾಡಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಕಣ್ಣು ಕೋರೈಸುವ ಹಾಗೆ ಉರಿಯುತ್ತಿತ್ತು. ಮಗ ಅದನ್ನ ‘ಮನೆ’ಗೆ ಕರೆತಂದ.

ಆಮೇಲೆ ಅಮ್ಮನ ಧಾರಾವಾಹಿ. ಹಳೇ ಸೆಟ್‌ಟಾಪ್ ಬಾಕ್ಸು, ಹಳದಿ ಕೆಂಪು ಬಿಳಿ ವೈರು. ಹಾಕಿದರೆ ನಾಯಕಿಯ ಮುಖ ನೀರಲ್ಲಿ ನೆನೆದ ಅಕ್ಕಿರೊಟ್ಟಿ ಹಾಗಿತ್ತು. “ಏನ್ಲಾ ಇದು? ಗೆರೆ ಇದ್ದಿದ್ದೇ ವಾಸಿ. ಆಗ ಗೆರೆ ಸಂದೀಲಾದ್ರೂ ಮುಖ ಕಾಣ್ತಿತ್ತು” ಅಂದರು ಅಮ್ಮ. ಇದಕ್ಕೂ ಲೆಕ್ಕವೇ ಕಾರಣ. ಹಳೇ ಮಾದರಿಯ ಪ್ರಸಾರದಲ್ಲಿ ಹೆಚ್ಚೆಂದರೆ 720 ಗುಣಿಸು 576, ಅಂದರೆ 4,14,720 ಚುಕ್ಕಿ. ನಮ್ಮ ಟಿವಿಯಲ್ಲಿ 82,94,400. ಭಾಗಿಸಿ ನೋಡಿ, ಶೇಷವೇ ಇಲ್ಲದೆ ಇಪ್ಪತ್ತು ಪಟ್ಟು. ಒಬ್ಬರಿಗೆ ಮಾಡಿದ ಸಾರಿಗೆ ನೀರು ಸುರಿದು ಇಪ್ಪತ್ತು ಜನಕ್ಕೆ ಬಡಿಸಿದರೆ ಇನ್ನೇನಾಗುತ್ತೆ? ಟಿವಿ ದೊಡ್ಡದಾದಷ್ಟೂ ಸಾರು ತಿಳಿ.

ಎಚ್‌ಡಿ ಬಾಕ್ಸು ಹಾಕಿಸಿದೆ. ಮುಖ ಸ್ಪಷ್ಟವಾಯಿತು, ಸ್ವಲ್ಪ ಜಾಸ್ತಿಯೇ. ಕಣ್ಣಿನ ಪೊರೆ ಆಪರೇಷನ್ ಆಗಿ ಎಲ್ಲಾ ಚೆನ್ನಾಗಿ ಕಾಣುವ ಅಮ್ಮ, ಅತ್ತೆ ಪಾತ್ರದವಳ ಕತ್ತಿಗೆ ಪೌಡರ್ ಹಚ್ಚಿಲ್ಲ ಅನ್ನೋದನ್ನ ಕಂಡುಹಿಡಿದರು. ಈಗ ಅವರು ಕಥೆ ನೋಡುವುದಿಲ್ಲ, ಮೇಕಪ್ ತಪಾಸಣೆ ಮಾಡುತ್ತಾರೆ.

ಆದರೂ ಮಳೆ ಬಂದರೆ ಚಿತ್ರ ಮಾಯ, ನಮ್ಮದು ಡಿಶ್ ಅಲ್ವಾ. ನಮ್ಮೂರಲ್ಲಿ ಇದೊಂದು ವಿಚಿತ್ರ ಅವಮಾನ. ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇರುವುದು ಇಲ್ಲೇ, ಹಾಸನದಲ್ಲಿ, 1982ರಿಂದ. 36,000 ಕಿಲೋಮೀಟರ್ ಎತ್ತರದಲ್ಲಿರುವ ನಮ್ಮ ದೇಶದ ಉಪಗ್ರಹಗಳು ಜಾಗ ಬಿಟ್ಟು ಅಲುಗದ ಹಾಗೆ ನೋಡಿಕೊಳ್ಳುವ ಊರು ಇದು. ಅಷ್ಟು ದೂರದಿಂದ ಸಿಗ್ನಲ್ಲು ಕ್ಷೇಮವಾಗಿ ಇಳಿದು ಬಂದು, ಕೊನೇ ನಾಲ್ಕು ಕಿಲೋಮೀಟರಿನಲ್ಲಿ ನಮ್ಮ ಮಲೆನಾಡ ಸೆರಗಿನ ಮಳೆಗೆ ಸಿಕ್ಕಿ ಕರಗಿಹೋಗುತ್ತದೆ. ಊರೆಲ್ಲಾ ಸುತ್ತಿ ಬಂದವನು ಹೊಸ್ತಿಲಲ್ಲಿ ಎಡವಿದ ಹಾಗೆ.

ಮಗನ ಗೋಳು ಬೇರೆ. ಒಂದು ಭಾನುವಾರ ನನ್ನನ್ನೂ ಕ್ರಿಕೆಟ್ ಆಟಕ್ಕೆ ಕೂರಿಸಿದ. ಶ್ರೀನಾಥ್ ಹೆಸರಿನ ಮುಂದಿರುವ ಜಾವಗಲ್ ನಮ್ಮ ಜಿಲ್ಲೆಯ ಊರು, ಹಾಗಾಗಿ ವೇಗದ ಬೌಲಿಂಗ್ ಅಂದರೆ ನಮಗೊಂದು ಗತ್ತು. ಆರು ಬಾಲಿಗೆ ಆರು ಸಲ ಬೌಲ್ಡ್ ಆದೆ. ನಾನು ಬಟನ್ ಒತ್ತಿದರೆ ಟಿವಿಯೊಳಗಿನವನು ಯೋಚನೆ ಮಾಡಿ ಬ್ಯಾಟ್ ಎತ್ತುತ್ತಿದ್ದ. ಅಮ್ಮನನ್ನ ಹಾಲಿಂದ ಕೂಗಿದರೆ ಒಳಗಿಂದ “ಆಂ?” ಅನ್ನೋಕೆ ಹೊತ್ತಾಗುತ್ತಲ್ಲ, ಹಾಗೆ. ನಾನು ಸಿನಿಮಾಗೆ ಅಂತ ಹಾಕಿದ್ದ ಮೋಡಿನಲ್ಲಿ ಟಿವಿ ಪ್ರತಿ ಚಿತ್ರವನ್ನೂ ತಿದ್ದಿ ತೀಡಿ ಆಮೇಲೆ ತೋರಿಸುತ್ತಿತ್ತು. ಗಂಟೆಗೆ 140 ಕಿಲೋಮೀಟರಿನ ಚೆಂಡು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಸುಮಾರು 3.9 ಮೀಟರ್ ಓಡುತ್ತದೆ. ಸ್ಟಂಪು ಉಳಿಯೋದು ಹೇಗೆ? ಗೇಮ್ ಮೋಡ್ ಹಾಕಿದರೆ ಟಿವಿ ತನ್ನ ಶೃಂಗಾರ ಬಿಟ್ಟು ಸುಮ್ನೆ ಕೆಲಸ ಮಾಡುತ್ತದೆ. ಹಾಕಿದ ಮೇಲೆ ನಾನು ಐದೇ ಸಲ ಬೌಲ್ಡ್ ಆದೆ. ಒಂದು ಕ್ಯಾಚು.

ಆದರೂ ಮಗನಿಗೆ ಸಮಾಧಾನವಿಲ್ಲ. “120 ಬರ್ತಾನೇ ಇಲ್ಲ, 60ರಲ್ಲೇ ಓಡ್ತಿದೆ” ಅಂತ ಎರಡು ವಾರ ಮುಖ ಊದಿಸಿಕೊಂಡಿದ್ದ. ಮತ್ತೆ ಅದೇ ಹುಡುಗನನ್ನ ಕರೆಸಬೇಕಾಯಿತು. ಅವನು ಟಿವಿಯನ್ನ ಮುಂದಕ್ಕೆಳೆದು, ಏಳೂವರೆ ಇಂಚಿನ ಸಂದಿಯಲ್ಲಿ ತಲೆ ತೂರಿಸಿ, ಮೊಬೈಲ್ ಟಾರ್ಚ್ ಬಿಟ್ಟು ನೋಡಿದ. ಟಿವಿಗೆ ಎಚ್‌ಡಿಎಂಐ ತೂತುಗಳು ಮೂರು. 120 ಹರ್ಟ್ಸ್ ಓಡುವುದು ಅದರಲ್ಲಿ ಒಂದರಲ್ಲೇ. ಎಚ್‌ಡಿ ಬಾಕ್ಸು ಹಾಕಲು ಬಂದವರ ವೈರು ಗಿಡ್ಡ, ಆ ಒಂದೇ ತೂತಿಗೆ ಎಟುಕಿತ್ತು. ಮಗನ ವೈರು ಕಿತ್ತು ಪಕ್ಕಕ್ಕೆ ಹಾಕಿ, ಅಮ್ಮನ ಧಾರಾವಾಹಿಯನ್ನ ಅಲ್ಲಿ ಕೂರಿಸಿ ಹೋಗಿದ್ದರು. ಹಾಸನದಲ್ಲೇ ಅತ್ಯಂತ ವೇಗದ ಸಂಪರ್ಕದಲ್ಲಿ ನಮ್ಮಮ್ಮ, ಎರಡು ವಾರ, ಒಬ್ಬಳು ಸೊಸೆ ಮೆಟ್ಟಿಲಿಳಿಯುವುದನ್ನೇ ನೋಡುತ್ತಿದ್ದರು.

ಹುಡುಗ ಹೊಸ ವೈರು ಹಾಕಿ ಸರಿ ಮಾಡಿದ. ಅಮ್ಮ ಅವನಿಗೆ ಕಾಫಿ ಕೊಟ್ಟರು, ಬೀರು ಮೇಲಿನ ಗೊಂಬೆ ಇಳಿಸಿಕೊಡು ಅಂದರು. ಸಂದಿಯಲ್ಲಿ ರಾಜನನ್ನ ನಿಲ್ಲಿಸಿದ, ಸರಿಯಾಯಿತು. ರಾಣಿಗೆ ಜಾಗ ಸಾಲಲಿಲ್ಲ, ಅವಳು ಈಗ ಫ್ರಿಜ್ ಮೇಲೆ. ಹೋಗುವಾಗ ಬಾಗಿಲಲ್ಲಿ ನಿಲ್ಲಿಸಿ ಅವನಿಗೆ ಮೆತ್ತಗೆ ಹೇಳಿದೆ, “ಆ ಟೇಪಿನ ವಿಷಯ ನಮ್ಮನಮ್ಮಲ್ಲೇ ಇರಲಿ ಕಣಪ್ಪ.” “ಅಯ್ಯೋ, ನಾನ್ಯಾಕ್ ಹೇಳ್ಲಿ ಸಾರ್” ಅಂದ.

ಹೋದ ವಾರ ಕ್ಲಾಸಿನಲ್ಲಿ ಪೈಥಾಗೊರಸ್ ಬಂತು. ಏಣಿ, ಗೋಡೆ ಅಂತ ಎಷ್ಟು ಸಲ ಹೇಳೋದು, ಹೊಸ ಉದಾಹರಣೆ ಕೊಡೋಣ ಅಂತ ಬೋರ್ಡ್ ಮೇಲೆ ಆಯತ ಎಳೆದೆ. “ನೋಡ್ರಪ್ಪಾ, ಇದೊಂದು ಟಿವಿ. ಅಗಲ 48, ಎತ್ತರ 27. ಹಾಗಾದರೆ ಇದು ಎಷ್ಟು ಇಂಚಿನ ಟಿವಿ?”

ಕೊನೇ ಬೆಂಚಿನಿಂದ ಒಂದು ಕೈ ಮೇಲೆದ್ದಿತು.

“ಸಾರ್, ಶೋಕೇಸು ಎಷ್ಟಗಲ ಕೊಯ್ಸಿದ್ರಿ?”