ಕ್ಲಚ್ಚಿನ ಕಪಟ

ಮಂಗಳೂರಿನಲ್ಲಿ ಹಳೆಯ ಕಾರು ಇಟ್ಟುಕೊಂಡವರಿಗೆ ಒಂದು ಅನುಕೂಲವಿದೆ. ಬಯಲುಸೀಮೆಯ ಸಮತಟ್ಟು ರಸ್ತೆಯಲ್ಲಿ ತಿಂಗಳುಗಟ್ಟಲೆ ಮರೆಯಲ್ಲಿ ಉಳಿಯಬಲ್ಲ ಕ್ಲಚ್ಚಿನ ಸವಕಲು, ಇಲ್ಲಿ ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಹತ್ತುವಷ್ಟರಲ್ಲಿ ಊರಿಗೆಲ್ಲ ತಿಳಿದುಬಿಡುತ್ತದೆ.

ನಮ್ಮ ಮಾರುತಿ 800 ತನ್ನ ಗುಟ್ಟು ಬಿಟ್ಟುಕೊಟ್ಟದ್ದು ಪಂಪ್‌ವೆಲ್‌ನಿಂದ ನಂತೂರಿಗೆ ಏರುವ ಹೆದ್ದಾರಿಯಲ್ಲಿ. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೊಡನೆ ಅದರ 796 ಸಿಸಿ ಎಂಜಿನ್, ಜೀರ್ಣೋದ್ಧಾರದ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಮಾತನಾಡಿ ದೇಣಿಗೆಯ ಪಟ್ಟಿ ಬಂದಾಗ ಚಪ್ಪಲಿ ಹುಡುಕುವ ಸದಸ್ಯರಂತೆ ಅಬ್ಬರಿಸಿತೇ ಹೊರತು, ಸ್ಪೀಡೋಮೀಟರಿನ ಮುಳ್ಳು ಇದ್ದಲ್ಲಿಂದ ಕದಲಲಿಲ್ಲ. ಎಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮೀಟರ್ ಇಲ್ಲದ ಕಾರಿನಲ್ಲಿ ಇದನ್ನು ಕಿವಿಯಿಂದಲೇ ಅಳೆಯಬೇಕು. ಪಕ್ಕದಿಂದ ಹಾದುಹೋದ ಸ್ಕೂಟರಿನವರು ಹಿಂತಿರುಗಿ ನೋಡಿದ್ದನ್ನು ಗಮನಿಸಿದರೆ, ಅವರೂ ಅಳೆದಿದ್ದರು ಎನ್ನಬೇಕು.

“ಪೆಟ್ರೋಲಿನಲ್ಲಿ ನೀರು ಉಂಟು ಮಾರಾಯ,” ಎಂದರು ಪಕ್ಕದಲ್ಲಿದ್ದ ಭಾವ. ಪೆಟ್ರೋಲು ಕೆಟ್ಟಿದ್ದರೆ ಎಂಜಿನ್ನೇ ಕೆಮ್ಮಬೇಕಿತ್ತು. ಇಲ್ಲಿ ಅದು ಉತ್ಸಾಹದಿಂದ ತಿರುಗುತ್ತಿದೆ, ಆ ಶಕ್ತಿ ಚಕ್ರಕ್ಕೆ ತಲುಪುತ್ತಿಲ್ಲ ಅಷ್ಟೇ ಎಂದು ನಾನು ವಿವರಿಸಿದೆ. ಆದರೆ ಭಾವ ನಿವೃತ್ತ ಬ್ಯಾಂಕ್ ಮ್ಯಾನೇಜರರು. ಒಮ್ಮೆ ಬರೆದ ಷರಾವನ್ನು ಹಿಂದಕ್ಕೆ ಪಡೆಯುವ ಪದ್ಧತಿ ಅವರಲ್ಲಿಲ್ಲ.

ಸರಿಯಾದ ರೋಗನಿರ್ಣಯ ಬಂದದ್ದು ಹಿಂದಿನ ಸೀಟಿನಿಂದ. ತೀರ್ಥಹಳ್ಳಿಯ ತವರಿಗೆ ಹೋಗಿಬರುತ್ತ, ಆಗುಂಬೆ ಘಾಟಿಯ 14 ತಿರುವುಗಳನ್ನು ಮಿನಿ ಬಸ್ಸಿನಲ್ಲಿ ಡ್ರೈವರನ ಬೆನ್ನಿಗೇ ಕುಳಿತು ಹತ್ತಿಳಿದ ಚಿಕ್ಕಮ್ಮ, ಸೆರಗನ್ನು ಮೂಗಿಗೆ ಹಿಡಿದುಕೊಂಡು, “ಇದು ಕ್ಲಚ್ ಸುಟ್ಟ ವಾಸನೆ. ಬ್ರೇಕಿನದ್ದು ಇಳಿಯುವಾಗ ಬರುತ್ತದೆ,” ಎಂದರು. ಗ್ಯಾರೇಜಿನವರೂ ಇಷ್ಟು ಚೊಕ್ಕವಾಗಿ ಹೇಳುವುದಿಲ್ಲ.

ಆದರೂ ಪರೀಕ್ಷೆಯೊಂದು ಬೇಕಲ್ಲ. ಮನೆಯ ಸಮತಟ್ಟಾದ ಅಂಗಳದಲ್ಲಿ, ಮುಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಹ್ಯಾಂಡ್‌ಬ್ರೇಕ್ ಬಲವಾಗಿ ಎಳೆದು, ನಾಲ್ಕನೇ ಗೇರು ಹಾಕಿ, ಆಕ್ಸಿಲರೇಟರನ್ನು ತುಸು ಒತ್ತಿ, ಕ್ಲಚ್ ಪೆಡಲನ್ನು ಮೆಲ್ಲಗೆ ಬಿಟ್ಟೆ. ಕ್ಲಚ್ ಗಟ್ಟಿಯಾಗಿದ್ದರೆ ಎಂಜಿನ್ ಒಮ್ಮೆ ನಡುಗಿ ಅಲ್ಲೇ ನಿಲ್ಲಬೇಕು. ನಮ್ಮದು ಕಾಲು ಪೂರ್ತಿ ತೆಗೆದ ಮೇಲೂ ಆರಾಮವಾಗಿ ಓಡುತ್ತಲೇ ಇತ್ತು. ಈ ಪರೀಕ್ಷೆಯೂ, ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟನ್ನು ಕಾಯಿಸಿ ಸವೆಸುವುದರಿಂದ ಪದೇ ಪದೇ ಮಾಡುವಂತಿಲ್ಲ. ಭಾವ ಆಗಲೇ ನೆರೆಮನೆಯವರನ್ನು ಕರೆದು, “ಇನ್ನೊಮ್ಮೆ ತೋರಿಸು,” ಎನ್ನುತ್ತಿದ್ದರು.

ಮೆಕ್ಯಾನಿಕ್ ಬಾನೆಟ್ಟಿಗೆ ಕೈ ಹಾಕದೆ, ಬಗ್ಗಿ ಪೆಡಲನ್ನು ಬೆರಳಿನಿಂದ ಒತ್ತಿ, “ಪ್ಲೇಯೇ ಇಲ್ಲವಲ್ಲ,” ಎಂದರು. ಪ್ಲೇಟ್ ಸವೆದಂತೆಲ್ಲ ಈ ಪ್ಲೇ, ಅಂದರೆ ಪೆಡಲಿನಿಂದ ಕ್ಲಚ್ಚಿಗೆ ಹೋಗುವ ಕೇಬಲ್ಲಿನ ಸಡಿಲ, ಕಡಿಮೆಯಾಗುತ್ತ ಬರುತ್ತದೆ. ಅದು ಪೂರ್ತಿ ಹೋದಾಗ, ಕಣ್ಣಿಗೆ ಕಾಣದ ಯಾರೋ ಸದಾ ಕ್ಲಚ್ಚಿನ ಮೇಲೆ ಕಾಲಿಟ್ಟು ಕುಳಿತ ಹಾಗಾಗಿ, ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯಬೇಕಾದ ಪ್ರೆಶರ್ ಪ್ಲೇಟ್ ಪೂರ್ಣ ಬಲದಿಂದ ಅದುಮಲಾರದು. ನಟ್ಟು ತಿರುಗಿಸಿ ಕೇಬಲ್ ಸಡಿಲಿಸಿದಾಗ ಸ್ವಲ್ಪ ಗುಣ ಕಂಡಿತಾದರೂ ನಾಲ್ಕನೇ ಗೇರಿನ ಅಬ್ಬರ ಉಳಿಯಿತು. ಆಯಿಲ್ ಸೋರಿ ಪ್ಲೇಟಿಗೆ ತಗಲಿದ ಗುರುತೂ ಇರಲಿಲ್ಲ. ಕೊನೆಗೆ ಗೇರ್‌ಬಾಕ್ಸ್ ಇಳಿಸಿದಾಗ ಪ್ಲೇಟ್ ರಿವೆಟ್ಟಿನವರೆಗೆ ಸವೆದದ್ದು ಕಾಣಿಸಿತು. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೇ ಬದಲಾಯಿಸಿದೆವು; ಮತ್ತೊಮ್ಮೆ ಇಳಿಸುವ ಕೂಲಿಯನ್ನು ನೆನೆದರೆ ಅದೇ ಅಗ್ಗ.

“ಏರಿನಲ್ಲಿ ಸಿಗ್ನಲ್ ಬಿದ್ದಾಗ ಪೆಡಲ್ ಅರ್ಧ ಒತ್ತಿ, ಪ್ಲೇಟ್ ಉಜ್ಜುತ್ತ, ಹಾಫ್ ಕ್ಲಚ್ಚಿನಲ್ಲೇ ಗಾಡಿ ಹಿಡಿಯುವವರು ಯಾರು?” ಎಂದು ಮೆಕ್ಯಾನಿಕ್ ವಿಚಾರಿಸಿದರು. ಈ ಕಾರಿನಲ್ಲೇ ಡ್ರೈವಿಂಗ್ ಕಲಿತ ನನ್ನ ಸೋದರಳಿಯ, ಅಂದರೆ ಭಾವನ ಮಗ, ಮೊಬೈಲ್ ನೋಡತೊಡಗಿದ. ಹ್ಯಾಂಡ್‌ಬ್ರೇಕ್ ಎಳೆಯುವುದು ಅಂಜುಬುರುಕರ ಲಕ್ಷಣ ಎಂದು ಅವನಿಗೆ ಕಲಿಸಿದ್ದ ಗುರುಗಳು, ರಸ್ತೆಯಾಚೆಯ ಬೊಂಡದ ಗಾಡಿಯತ್ತ ನಡೆದರು.

ಈಗ ಪೆಡಲ್ ಹಗುರವಾಗಿದೆ, ಕಾಲು ತುಸು ಎತ್ತಿದರೆ ಸಾಕು, ಗಾಡಿ ಮುಂದಕ್ಕೆ ನೆಗೆಯುತ್ತದೆ. ಮೊನ್ನೆ ನಂತೂರಿನ ಏರನ್ನು ನಾಲ್ಕನೇ ಗೇರಿನಲ್ಲೇ ಸಲೀಸಾಗಿ ಹತ್ತಿದಾಗ ಭಾವ ತೃಪ್ತಿಯಿಂದ ಸೀಟಿಗೆ ಒರಗಿ, “ಬಂಕ್ ಬದಲಾಯಿಸಿದೆಯಲ್ಲ, ಒಳ್ಳೆಯದಾಯಿತು,” ಎಂದರು.