ಹೀಗೂ ಮಾಡಬಹುದು

ಮೊನ್ನೆ ಶನಿವಾರ ಇಲ್ಲಿ ಆಕಾಶ ತೊಳೆದಿಟ್ಟ ಹಾಗಿತ್ತು. ಮೋಡ ಇಲ್ಲ, ಗಾಳಿ ಇಲ್ಲ. ಓಹಿಯೋದ ಅಕ್ಟೋಬರ್‌ನಲ್ಲಿ ಇಂಥ ಶನಿವಾರ ಒಂದೋ ಎರಡೋ ಸಿಕ್ಕರೆ ಪುಣ್ಯ. ಬೆಳಿಗ್ಗೆಯಿಂದ ಅಕ್ಕಪಕ್ಕದ ಹ್ಯಾಂಗರಿನವರೆಲ್ಲ (ಹ್ಯಾಂಗರ್ ಅಂದರೆ ವಿಮಾನ ನಿಲ್ಲಿಸುವ ಶೆಡ್ಡು) ಒಬ್ಬೊಬ್ಬರಾಗಿ ಹಾರಿ ಹೋದರು. ಆ ಸದ್ದನ್ನು ನಾನು ಕೇಳಿಸಿಕೊಂಡೆ ಅಷ್ಟೇ, ನೋಡಲಿಲ್ಲ. ಯಾಕಂದ್ರೆ ನನ್ನ ತಲೆ ನನ್ನದೇ ವಿಮಾನದ ಪ್ಯಾನೆಲ್ ಕೆಳಗಿತ್ತು, ಕಾಲು ಸೀಟಿನ ಬೆನ್ನಿನ ಮೇಲಿತ್ತು, ಬಾಯಲ್ಲಿ ಟಾರ್ಚ್ ಇತ್ತು, ನಾನು ಅಂಗಿ ಗುಂಡಿಯಷ್ಟಿದ್ದ ಒಂದು ವಾಷರ್ ಹುಡುಕುತ್ತಿದ್ದೆ.

ವಿಮಾನ ನಾನೇ ಕಟ್ಟಿದ್ದು. ಇಬ್ಬರು ಕೂರುವ, ಅಲ್ಯೂಮಿನಿಯಂ ಮೈಯ ಆರ್‌ವಿ-9ಎ. ಬಿಡಿಭಾಗಗಳ ಕಿಟ್ ತರಿಸಿ, ಆರು ವರ್ಷ ಮನೆಯ ಗ್ಯಾರೇಜಿನಲ್ಲಿ ರಿವೆಟ್, ಅಂದರೆ ತಗಡಿಗೆ ತಗಡು ಸೇರಿಸುವ ಮೊಳೆ, ಹೊಡೆದು ಜೋಡಿಸಿದ್ದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುವ ಗಾದೆಯನ್ನು ನನಗೆ ಹೇಳದ ನೆಂಟರು ಈಗ ಯಾರೂ ಉಳಿದಿಲ್ಲ, ಆದ್ದರಿಂದ ನೀವು ದಯವಿಟ್ಟು ಬೇಡ. ಅಮೆರಿಕದ ಕಾನೂನಿನಲ್ಲಿ ಇದಕ್ಕೆ ಅವಕಾಶ ಇದೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಕಟ್ಟುವವರೇ ಮಾಡಿರಬೇಕು, ಅದೂ ಸ್ವಂತ ಕಲಿಕೆಗೋ ಮನರಂಜನೆಗೋ ಮಾಡಿರಬೇಕು. ನನ್ನ ವಿಷಯದಲ್ಲಿ ಕಲಿಕೆ ನನಗೆ ಆಗಿದೆ, ಮನರಂಜನೆ ಪಕ್ಕದ ಹ್ಯಾಂಗರಿನವರಿಗೆ.

ಒಳಗೆ ಹತ್ತುವ ಜಾಗದಲ್ಲಿ 'ಎಕ್ಸ್‌ಪೆರಿಮೆಂಟಲ್' ಅಂತ ಕನಿಷ್ಠ ಎರಡು ಇಂಚು ಎತ್ತರದ ಅಕ್ಷರಗಳಲ್ಲಿ ಬರೆದಿರಬೇಕು. ಸೀಟಿನ ಎದುರು ಇನ್ನೊಂದು ಫಲಕ: ಇದು ಹವ್ಯಾಸಿಗಳು ಕಟ್ಟಿದ ವಿಮಾನ, ಮಾಮೂಲಿ ವಿಮಾನಗಳ ಸುರಕ್ಷತಾ ನಿಯಮಗಳಿಗೆ ಹೊಂದುವುದಿಲ್ಲ, ಅಂತ. ಹೆಂಡತಿ ಮೊದಲ ಸಲ ಹತ್ತುವಾಗ ಎರಡನ್ನೂ ನಿಧಾನವಾಗಿ ಓದಿ, "ಪ್ರಯೋಗ ಯಾರ ಮೇಲೆ ರೀ?" ಅಂದಳು. ಮೊದಲ 40 ಗಂಟೆ ಒಬ್ಬನೇ ಹಾರಿಸಿ ಪರೀಕ್ಷೆ ಮಾಡಿದ್ದೇನೆ, ಆಮೇಲೇ ನಿನ್ನನ್ನು ಕೂರಿಸಿಕೊಳ್ಳುತ್ತಿರುವುದು, ಅದು ನಿಯಮ ಕಣೇ ಅಂದೆ. ಸರ್ಕಾರಕ್ಕಾದರೂ ನನ್ನ ಬಗ್ಗೆ ಕಾಳಜಿ ಇದೆಯಲ್ಲ ಅಂದಳು.

ಈಗಿನ ರಗಳೆ ಶುರುವಾಗಿದ್ದೂ ಅವಳಿಂದಲೇ. ಅಂದರೆ, ನಾನು ಹಾಗೆ ಹೇಳುತ್ತಿದ್ದೇನೆ. ಹೋದ ತಿಂಗಳು ಅರ್ಬಾನಾ ಅನ್ನುವ ಊರಿಗೆ ಹಾರಿ ಹೋಗಿದ್ದೆವು. ಅಲ್ಲಿ ರನ್‌ವೇ ಪಕ್ಕದಲ್ಲೇ ಒಂದು ಹೋಟೆಲ್ ಇದೆ, ಪೈ ಅನ್ನುವ ಸಿಹಿ ತಿಂಡಿ ಚೆನ್ನಾಗಿರುತ್ತದೆ. ದಾರಿಯಲ್ಲಿ ಅವಳ ಫೋನಿನ ಚಾರ್ಜ್ ಮುಗಿಯಿತು, ಪೈ ಫೋಟೋ ತೆಗೆಯಲು ಆಗಲಿಲ್ಲ. "ನಮ್ಮೂರಿನ ಐರಾವತ ಬಸ್ಸಲ್ಲೂ ಚಾರ್ಜಿಂಗ್ ಇರುತ್ತೆ ರೀ, ಆರು ವರ್ಷ ಏನು ಕಟ್ಟಿದ್ರಿ?" ಅಂದಳು. ತಮಾಷೆಗೇ ಅಂದಿದ್ದು. ಆದರೆ ಬಸ್ಸಿನ ಹೆಸರು ಎತ್ತಬಾರದಿತ್ತು.

ಒಂದು ಚಾರ್ಜಿಂಗ್ ಪಾಯಿಂಟ್ ಹಾಕುವುದು ಎಷ್ಟು ಹೊತ್ತಿನ ಕೆಲಸ? ಕಾರಿನಲ್ಲಿ ಅರ್ಧ ಗಂಟೆ. ವಿಮಾನದಲ್ಲಿ ಮೊದಲು ಅಂಗಡಿಯವನಿಗೆ ವಿಮಾನಕ್ಕೆ ಅಂತ ಹೇಳಬಾರದು. ಹೂವಿನವನ ಹತ್ತಿರ ಮದುವೆಗೆ ಅಂದ ಹಾಗಾಗುತ್ತದೆ, ಅದೇ ಮೊಳಕ್ಕೆ ಮೂರು ಪಟ್ಟು ರೇಟು. ಆಮೇಲೆ ಪ್ಯಾನೆಲ್‌ಗೆ ತೂತು ಕೊರೆಯಬೇಕು. ವೈರ್ ಎಳೆಯಲು ಹಿಂದೆ ಜಾಗ ಇಲ್ಲ, ಹಾಗಾಗಿ ರೇಡಿಯೋ ಹೊರಗೆ ತೆಗೆಯಬೇಕು. ರೇಡಿಯೋ ತೆಗೆದ ಮೇಲೆ ಅದರ ಪಕ್ಕದ ವೈರಿನ ಕಟ್ಟು ಯಾಕೋ ಸಡಿಲ ಕಂಡಿತು. ಅದನ್ನು ಬಿಚ್ಚಿದೆ. ಇಷ್ಟೊತ್ತಿಗೆ ಮೂರು ಶನಿವಾರ ಕಳೆದಿತ್ತು.

ಇಲ್ಲಿ ಪಕ್ಕದ ಹ್ಯಾಂಗರಿನ ತಾತನ ವಿಷಯ ಹೇಳಲೇಬೇಕು.

ವಯಸ್ಸು ಎಂಬತ್ತು ದಾಟಿದೆ. ಜೀವನವಿಡೀ ವಿಮಾನದ ಮೆಕ್ಯಾನಿಕ್ ಆಗಿದ್ದವರು. ಅವರದ್ದು 1946ರ ಒಂದು ಏರಾಂಕಾ ಚಾಂಪ್, ಬಟ್ಟೆ ಹೊದಿಸಿದ ಮೈ, 65 ಕುದುರೆ ಶಕ್ತಿಯ ಎಂಜಿನ್. ಅದರಲ್ಲಿ ಬ್ಯಾಟರಿಯೇ ಇಲ್ಲ. ನಮ್ಮ ಕಡೆ ಡೀಸೆಲ್ ಪಂಪಿಗೆ ಹ್ಯಾಂಡಲ್ ಹೊಡೆದ ಹಾಗೆ, ಮುಂದೆ ನಿಂತು ಕೈಯಲ್ಲೇ ಪ್ರೊಪೆಲ್ಲರ್ ತಿರುಗಿಸಿ ಸ್ಟಾರ್ಟ್ ಮಾಡುತ್ತಾರೆ. ವೈರೇ ಇಲ್ಲದ ಮೇಲೆ ವೈರಿನ ತಲೆನೋವು ಎಲ್ಲಿಂದ ಬರಬೇಕು? ಅವರಿಗೆ ಬೇಕಾದಷ್ಟು ಪುರುಸೊತ್ತು. ಪ್ರತಿ ಶನಿವಾರ ಕಾಫಿ ಲೋಟ ಹಿಡಿದು ನನ್ನ ಹ್ಯಾಂಗರಿಗೆ ಬರುತ್ತಾರೆ. ಕನ್ನಡಕ ಹಣೆಗೆ ಏರಿಸುತ್ತಾರೆ. ನಾನು ಮಾಡುತ್ತಿರುವ ಕೆಲಸವನ್ನು ಒಂದು ನಿಮಿಷ ನೋಡುತ್ತಾರೆ. ಒಂದು ಗುಟುಕು ಕಾಫಿ ಕುಡಿಯುತ್ತಾರೆ. ಆಮೇಲೆ ಇಂಗ್ಲಿಷಿನಲ್ಲಿ ಒಂದು ಮಾತು ಹೇಳುತ್ತಾರೆ. ಅದನ್ನು ಕನ್ನಡದಲ್ಲಿ ಹೇಳಬೇಕಂದ್ರೆ:

"ಹ್ಞೂಂ… ಹೀಗೂ ಮಾಡಬಹುದು."

ಅಷ್ಟೇ. ಹೋಗಿಬಿಡುತ್ತಾರೆ. ತಪ್ಪು ಅನ್ನುವುದಿಲ್ಲ, ಸರಿ ಅಂತಲೂ ಅನ್ನುವುದಿಲ್ಲ. ನೀವು ಹೊಸ ಸೈಟ್ ತಗೊಂಡಾಗ ದೊಡ್ಡಪ್ಪ "ಓ… ಆ ಕಡೆ ತಗೊಂಡ್ಯಾ?" ಅಂತಾರಲ್ಲ, ಅದೇ ಜಾತಿಯ ಮಾತು. ರಾತ್ರಿ ನಿದ್ದೆ ಬರುವುದಿಲ್ಲ.

ಮೊದಲ ಸಲ ಅವರು ಹಾಗಂದಿದ್ದು ನನ್ನ ರಿವೆಟ್ ನೋಡಿ. ನಾನು ಒಂದು ಸಾಲು ರಿವೆಟ್ ಪೂರ್ತಿ ಕೊರೆದು ತೆಗೆದು ಮತ್ತೆ ಹೊಡೆದೆ. ಮುಂದಿನ ವಾರ ಬಂದು ಹೊಸ ಸಾಲು ನೋಡಿದರು. ಕಾಫಿ ಕುಡಿದರು. "ಹ್ಞೂಂ, ಹೀಗೂ ಮಾಡಬಹುದು." ಎರಡನೇ ಸಲ ಆಯಿಲ್ ಫಿಲ್ಟರಿಗೆ ಸೇಫ್ಟಿ ವೈರ್ ಕಟ್ಟುವಾಗ. ಅದು ಗೊತ್ತಿಲ್ಲದವರಿಗೆ: ಎಂಜಿನ್ ಅದುರುವಾಗ ಫಿಲ್ಟರ್ ಬೋಲ್ಟ್ ತಾನಾಗಿ ಬಿಚ್ಚಿಕೊಳ್ಳದಿರಲಿ ಅಂತ ತೆಳು ಸ್ಟೀಲ್ ತಂತಿಯನ್ನು ಜಡೆ ಹೆಣೆದ ಹಾಗೆ ತಿರುಚಿ ಬಿಗಿಯುತ್ತಾರೆ. ಇಂಚಿಗೆ ಆರರಿಂದ ಎಂಟು ತಿರುವು ಇರಬೇಕು, ಎಳೆತ ಬಿಗಿಯುವ ದಿಕ್ಕಿಗೇ ಇರಬೇಕು. ಕತ್ತರಿಸಿದ ತುದಿ ಸೂಜಿಗಿಂತ ಚೂಪು. ಸೇಫ್ಟಿ ಅಂತ ಹೆಸರಿಟ್ಟುಕೊಂಡು ಇಷ್ಟು ರಕ್ತ ಹರಿಸಿದ ವಸ್ತು ಬೇರೊಂದಿಲ್ಲ, ಈಗಲೂ ನನ್ನ ಎರಡು ಬೆರಳಿಗೆ ಬ್ಯಾಂಡ್-ಏಡ್ ಇದೆ. ಮೂರು ಸಲ ಕತ್ತರಿಸಿ ನಾಲ್ಕನೇ ಸಲ ಇಂಚುಪಟ್ಟಿ ಇಟ್ಟು ತಿರುವು ಎಣಿಸಿ ಏಳು ಬರುವ ಹಾಗೆ ಕಟ್ಟಿದೆ. ತಾತ ಬಂದರು. ಬಗ್ಗಿದರು. ಅವರೂ ಎಣಿಸಿದರು ಅಂತ ಕಾಣುತ್ತದೆ, ತುಟಿ ಅಲ್ಲಾಡಿತು. ಈ ಸಲ ಏನಾದರೂ ಒಳ್ಳೆಯ ಮಾತು ಬರುತ್ತದೆ ಅಂತ ನಾನು ಎದ್ದು ನಿಂತೆ. ನಿಲ್ಲುವಾಗ ತಲೆ ಪ್ರೊಪೆಲ್ಲರಿಗೆ ಬಡಿಯಿತು. "ಹೀಗೂ ಮಾಡಬಹುದು" ಅಂದರು. ವೈರಿಗೆ ಅಂದರೋ ತಲೆಗೆ ಅಂದರೋ ಗೊತ್ತಾಗಲಿಲ್ಲ.

ಒಂದು ಸಲ ಹೆಂಡತಿ ಅವರಿಗೆ ಚಿತ್ರಾನ್ನ ಕೊಟ್ಟಳು. ಚಮಚ ಬಾಯಿಗಿಟ್ಟು, ಕಡಲೆಕಾಯಿ ಬೀಜ ಅಗಿದು, ಆಕಾಶ ನೋಡಿ, "ಹ್ಞೂಂ… ಅನ್ನವನ್ನು ಹೀಗೂ ಮಾಡಬಹುದು" ಅಂದರು. ಅವತ್ತಿನಿಂದ ಅವಳು ನನ್ನ ಪಕ್ಷ. ಆದರೆ ಆ ಮಾತನ್ನು ಮನೆಗೂ ತಂದುಬಿಟ್ಟಿದ್ದಾಳೆ. ಮೊನ್ನೆ ನಾನು ಮಡಚಿಟ್ಟ ಬೆಡ್‌ಶೀಟ್ ನೋಡಿ ಅದನ್ನೇ ಅಂದಳು.

ಈಗ ವಾಷರ್. ಚಾರ್ಜಿಂಗ್ ಪಾಯಿಂಟಿನ ಕೊನೆಯ ಸ್ಕ್ರೂ. ಇನ್ನೈದು ನಿಮಿಷ, ಆಮೇಲೆ ರೇಡಿಯೋ ಒಳಗೆ ತಳ್ಳಿ, ಮಧ್ಯಾಹ್ನ ಹಾರಿಬಿಡೋಣ ಅಂತ ಮನಸ್ಸಿನಲ್ಲೇ ಅರ್ಬಾನಾ ಸೇರಿಕೊಂಡಿದ್ದೆ. ಆಗ ಬೆರಳ ತುದಿಯಿಂದ ಜಾರಿತು. ಟಿಣ್. ಟಿಣ್. ಸ್ವಲ್ಪ ಹೊತ್ತು ಬಿಟ್ಟು, ಎಲ್ಲೋ ಸೀಟಿನ ಕೆಳಗೆ, ಟುಕ್.

ಕಾರಾಗಿದ್ದರೆ ಇನ್ನೊಂದು ವಾಷರ್ ಹಾಕಿ ಮರೆಯುತ್ತಿದ್ದೆವು. ನನ್ನ ಕಾರಿನಲ್ಲಿ ಹುಡುಕಿದರೆ ಮಗಳ ಹಾಲುಹಲ್ಲು ಸಿಕ್ಕರೂ ಸಿಗಬಹುದು. ವಿಮಾನದಲ್ಲಿ ಹಾಗಲ್ಲ. ಸೀಟಿನ ತಗಡಿನ ಕೆಳಗೇ, ವಿಮಾನವನ್ನು ನಡೆಸುವ ಕಂಟ್ರೋಲ್ ಸ್ಟಿಕ್‌ನ ಕೊಳವೆಗಳು ಹಿಂದೆ ಮುಂದೆ ಓಡಾಡುತ್ತವೆ. ಎಲ್ಲಾದರೂ ಸಂದಿಯಲ್ಲಿ ಒಂದು ನಟ್ಟು ಸಿಕ್ಕಿಕೊಂಡು, ಇಳಿಯುವ ಹೊತ್ತಿಗೆ ಸ್ಟಿಕ್ ಹಿಂದಕ್ಕೆ ಬರಲಿಲ್ಲ ಅಂದರೆ ಕಥೆ ಮುಗಿಯಿತು. ಬಿದ್ದದ್ದು ಕೈಗೆ ಸಿಗುವವರೆಗೆ ವಿಮಾನ ಜಾಗ ಬಿಟ್ಟು ಕದಲುವಂತಿಲ್ಲ. ಇದಕ್ಕೆ ಯಾವ ಅಧಿಕಾರಿಯೂ ಬಂದು ಹೇಳಬೇಕಾಗಿಲ್ಲ.

ಮ್ಯಾಗ್ನೆಟ್ ಇಟ್ಟ ಕಡ್ಡಿ ತಂದೆ. ಹತ್ತು ನಿಮಿಷ ಮೂಲೆಮೂಲೆಗೆ ಆಡಿಸಿದ ಮೇಲೆ ನೆನಪಾಯಿತು, ತುಕ್ಕು ಹಿಡಿಯಬಾರದು ಅಂತ ನಾನೇ ಸ್ಟೇನ್‌ಲೆಸ್ ಸ್ಟೀಲ್ ವಾಷರ್ ತಂದಿದ್ದೆ. ಅದು ಮ್ಯಾಗ್ನೆಟ್‌ಗೆ ಸೊಪ್ಪು ಹಾಕುವುದಿಲ್ಲ. ಫೋನನ್ನು ಸಂದಿಗೆ ಇಳಿಸಿ ವಿಡಿಯೋ ತೆಗೆದೆ, ನನ್ನ ಹೆಬ್ಬೆರಳು ಚೆನ್ನಾಗಿ ಬಂತು. ಕೊನೆಗೆ ಎರಡೂ ಸೀಟು ಎತ್ತಿ, ಕೆಳಗಿನ ತಗಡಿನ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚತೊಡಗಿದೆ. ಒಂದು ವಾಷರ್ ಹುಡುಕಲು ನಲವತ್ತು ಸ್ಕ್ರೂ ಬಿಚ್ಚುವುದು ಎಂಥ ಲೆಕ್ಕ ಹೇಳಿ. ಅದರಲ್ಲಿ ಒಂದು ಬಿದ್ದರೆ?

ಈ ಊರಿನಲ್ಲಿದ್ದುಕೊಂಡು ರೈಟ್ ಸೋದರರ ಹೆಸರು ಹೇಳದೆ ಇರಲು ಆಗುವುದಿಲ್ಲ, ಡೇಟನ್ ಅವರ ಊರು. ಸೈಕಲ್ ಅಂಗಡಿ ಇಟ್ಟುಕೊಂಡು ವಿಮಾನ ಮಾಡಿದವರು. ಅವರ ಎಂಜಿನ್ ಅನ್ನು ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಆರು ವಾರದಲ್ಲಿ ಮಾಡಿ ಮುಗಿಸಿದ. ನಾನು ಒಂದು ಚಾರ್ಜಿಂಗ್ ಪಾಯಿಂಟಿಗೆ ನಾಲ್ಕನೇ ವಾರದಲ್ಲಿದ್ದೇನೆ. ಇರಲಿ. ನನಗೆ ಅವರ ಕಥೆಯಲ್ಲಿ ಇಷ್ಟವಾಗುವುದು 1903ರ ಡಿಸೆಂಬರ್ 17ರ ಆ 12 ಸೆಕೆಂಡ್ ಅಲ್ಲ. ಅದಕ್ಕೆ ಮುಂಚೆ, ಕಿಟಿ ಹಾಕ್‌ನಲ್ಲಿ ಎಲ್ಲ ಸಿದ್ಧವಾದ ಮೇಲೆ, ಪ್ರೊಪೆಲ್ಲರ್ ಶಾಫ್ಟ್ ಬಿರುಕು ಬಿಟ್ಟಿತು. ಆರ್ವಿಲ್ ಅಷ್ಟು ದೂರದಿಂದ ಡೇಟನ್‌ಗೆ ವಾಪಸ್ ಬಂದು, ಹೊಸ ಶಾಫ್ಟ್ ಮಾಡಿಸಿಕೊಂಡು ಮತ್ತೆ ಹೋದ. ಒಂದು ಸ್ಪೇರ್ ಪಾರ್ಟಿಗೆ! ಆ ರೈಲಿನಲ್ಲಿ ಕೂತು ಅವನು ಏನು ಯೋಚಿಸಿರಬಹುದು ಅಂತ ನನಗೆ ಚೆನ್ನಾಗಿ ಗೊತ್ತು.

ತಗಡು ಎತ್ತಿಟ್ಟು ಹ್ಯಾಂಗರಿನ ನೆಲದ ಮೇಲೆ ಕೂತಾಗ ಅಪ್ಪನ ನೆನಪು ಬಂತು. ತಿಪಟೂರಿನ ಹತ್ತಿರ ನಮ್ಮ ತೆಂಗಿನ ತೋಟದ ಪಂಪ್‌ಸೆಟ್ ಅಪ್ಪನೇ ಬಿಚ್ಚಿ ಜೋಡಿಸುತ್ತಿದ್ದರು. ಪ್ರತಿ ಸಲ ಎರಡು ಮೂರು ನಟ್ಟು ಮಿಗುತ್ತಿತ್ತು. ಪಂಪ್ ಮಾತ್ರ ಓಡುತ್ತಿತ್ತು. "ಕಂಪನಿಯವರು ಜಾಸ್ತಿ ಹಾಕಿರ್ತಾರೆ ಮಗಾ" ಅನ್ನುತ್ತಾ ಮಿಕ್ಕಿದ್ದನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕುತ್ತಿದ್ದರು. ಒಂದೇ ಸಲ ಇಲ್ಲಿಗೆ ಬಂದಿದ್ದರು. ಆಗ ವಿಮಾನಕ್ಕೆ ರೆಕ್ಕೆ ಇರಲಿಲ್ಲ, ಎಂಜಿನ್ ಇರಲಿಲ್ಲ, ಗ್ಯಾರೇಜಿನಲ್ಲಿ ಬರೀ ಮೈ ಇತ್ತು. ಪಂಚೆ ಎತ್ತಿ ಕಟ್ಟಿ ಒಳಗೆ ಹತ್ತಿ ಕೂತರು. ಮೈಲೇಜ್ ಎಷ್ಟು ಅಂತ ಕೇಳಿದರು. ಲೀಟರಿಗೆ ಎಂಟೂವರೆ ಕಿಲೋಮೀಟರ್ ಬರಬಹುದು ಅಂದೆ. "ಹಂಗಾದ್ರೆ ಅಂಬಾಸಡರ್ ಇದ್ದಂಗೆ, ಪರವಾಗಿಲ್ಲ" ಅಂದು ಸ್ವಲ್ಪ ಹೊತ್ತು ಸುಮ್ನೆ ಸ್ಟಿಕ್ ಹಿಡಿದು ಕೂತಿದ್ದರು. ರೆಕ್ಕೆ ಹಾಕುವ ಹೊತ್ತಿಗೆ ಅವರಿರಲಿಲ್ಲ. ಬಾಟಲಿ ಅಮ್ಮನ ಹತ್ತಿರ ಇದೆ. ತುಂಬಿದೆ.

ಭಾನುವಾರ ಬೆಳಿಗ್ಗೆ ಮತ್ತೆ ಹೋದೆ. ತಾತ ಬಂದರು, ಕಾಫಿ ಲೋಟ ಇತ್ತು. ಬಿಚ್ಚಿಟ್ಟ ಸೀಟು, ತಗಡು, ಸ್ಕ್ರೂ ತುಂಬಿದ ಮೊಸರಿನ ಡಬ್ಬಿ ಎಲ್ಲ ನೋಡಿದರು. ಬಾಯಿ ತೆರೆದರು. ನಾನು ಕೈ ಮುಗಿದುಬಿಟ್ಟೆ, ನಿಜವಾಗಿ, ಎರಡೂ ಕೈ. ಏನನ್ನಿಸಿತೋ, ಏನೂ ಹೇಳದೆ ವಾಪಸ್ ಹೋದರು. ಐದು ನಿಮಿಷದಲ್ಲಿ ಒಂದು ವ್ಯಾಕ್ಯೂಮ್ ಕ್ಲೀನರ್ ತಂದರು, ಅದರ ಪೈಪಿನ ಬಾಯಿಗೆ ಹೆಂಗಸರ ಹಳೇ ಕಾಲುಚೀಲ ಕಟ್ಟಿತ್ತು. ಮಂಡಿಯೂರಿ, ಕಣ್ಣು ಮುಚ್ಚಿ, ಪೈಪನ್ನು ಕೈಗೆ ಸಿಗದ ಒಂದು ಮೂಲೆಗೆ ತಳ್ಳಿದರು. ಟಕ್ ಅಂತು. ಹೊರಗೆ ಎಳೆದರು. ಕಾಲುಚೀಲಕ್ಕೆ ವಾಷರ್ ಅಂಟಿಕೊಂಡಿತ್ತು.

ಅದರ ಪಕ್ಕದಲ್ಲಿ ಇನ್ನೊಂದು ವಾಷರೂ ಇತ್ತು. ಸ್ವಲ್ಪ ದೊಡ್ಡದು, ಧೂಳು ಹಿಡಿದದ್ದು. ನಾನು ಬೀಳಿಸಿದ್ದೇ ಗೊತ್ತಿಲ್ಲದ್ದು. ಅದರ ಜೊತೆಗೇ ಇಷ್ಟು ದಿನ ಅರ್ಬಾನಾಗೆ ಹೋಗಿ ಪೈ ತಿಂದು ಬಂದಿದ್ದೇವೆ.

ತಾತ ಅದನ್ನು ಅಂಗೈಯಲ್ಲಿಟ್ಟು ನೋಡಿದರು, ನನ್ನನ್ನು ನೋಡಿದರು, ಪಾಪ, ಆಗಲೂ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು. ಅಪ್ಪನ ಹಾಗೆ ಕಂಪನಿಯವರು ಜಾಸ್ತಿ ಹಾಕಿರ್ತಾರೆ ಅನ್ನೋಣ ಅಂದರೆ, ಬಾಲದ ಹತ್ತಿರ ಹೊಡೆದಿರುವ ಪ್ಲೇಟಿನಲ್ಲಿ ತಯಾರಕರು ಅನ್ನುವ ಜಾಗದಲ್ಲಿ ಇರುವುದು ನನ್ನ ಹೆಸರು. ಈಗ ಆ ವಾಷರ್ ಯಾವ ಬೋಲ್ಟಿನದು ಅಂತ ಮೂಗಿನಿಂದ ಬಾಲದವರೆಗೆ ಹುಡುಕಬೇಕು. ಮುಂದಿನ ಶನಿವಾರವೂ ಬಿಸಿಲಂತೆ.

ಅಷ್ಟರಲ್ಲಿ ಹೆಂಡತಿಯ ಮೆಸೇಜ್ ಬಂತು. "ಸಿಕ್ತಾ?"

"ಎರಡು ಸಿಕ್ತು" ಅಂತ ಬರೆದೆ.

"ಒಳ್ಳೇದಾಯ್ತು ಬಿಡಿ, ಒಂದು ಸ್ಪೇರ್ ಇರಲಿ."