ನಾಲ್ಕು ಗಂಟೆ ಮಲಗುವ ಮಹಾನುಭಾವರು

ದೊಡ್ಡ ಮನುಷ್ಯರ ಸಂದರ್ಶನದಲ್ಲಿ ಒಂದು ಸಾಲು ಬಂದೇ ಬರುತ್ತದೆ: ‘ನಾನು ಮಲಗುವುದು ದಿನಕ್ಕೆ ನಾಲ್ಕೇ ಗಂಟೆ.’ ಕೇಳುವವರು ಭಕ್ತಿಯಿಂದ ತಲೆಯಾಡಿಸುತ್ತಾರೆ. ಮರುದಿನ ಅದೇ ತಲೆಬರಹ. ಇದೇ ಮನುಷ್ಯ ‘ದಿನಾ ಬೆಳಿಗ್ಗೆ ಎರಡು ಪೆಗ್ ಹಾಕಿಕೊಂಡೇ ನಾನು ಕಡತಕ್ಕೆ ಸಹಿ ಮಾಡೋದು’ ಅಂದಿದ್ದರೆ ಸಂಜೆಯೊಳಗೆ ರಾಜೀನಾಮೆ ಕೇಳುತ್ತಿದ್ದರು.

ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಎಂದು 1997ರಲ್ಲೇ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದಾರೆ. ಜನರನ್ನು ಒಮ್ಮೆ ನಿದ್ದೆಗೆಡಿಸಿ, ಇನ್ನೊಮ್ಮೆ ಕುಡಿಸಿ, ಎರಡೂ ಸಲ ಕಣ್ಣಿಗೂ ಕೈಗೂ ಎಷ್ಟು ಹೊಂದಾಣಿಕೆ ಇದೆ ಎಂದು ಅಳೆದರು. ಸತತ 17 ಗಂಟೆ ಎದ್ದಿದ್ದವರು ರಕ್ತದಲ್ಲಿ ಶೇಕಡಾ 0.05 ಮದ್ಯ ಇರುವವರಷ್ಟೇ ತಡವರಿಸಿದರು. 24 ಗಂಟೆ ದಾಟಿದವರದು ಸರಿಸುಮಾರು 0.10ರ ಅಮಲು. ಎಷ್ಟೋ ದೇಶಗಳಲ್ಲಿ 0.05 ದಾಟಿದವನನ್ನು ಸ್ಟೇರಿಂಗ್ ಮುಂದಿನಿಂದ ಇಳಿಸುತ್ತಾರೆ. ಆದರೆ ಪೊಲೀಸರು ಊದಿಸಿ ನೋಡುವ ಯಂತ್ರಕ್ಕೆ ಹೆಂಡದ ವಾಸನೆ ಮಾತ್ರ ಗೊತ್ತು. ನಿದ್ದೆಗೆಟ್ಟವನು ಅದರೊಳಕ್ಕೆ ಉದ್ದನೆಯ ಆಕಳಿಕೆಯನ್ನೇ ಬಿಟ್ಟರೂ ನಿರಪರಾಧಿ.

ಕುಡಿತದ ಮುಂದೆ ನಿದ್ದೆಗೇಡಿಗೆ ಸಿಗುವ ಈ ರಿಯಾಯಿತಿಗೆ ಎಕ್ಸಾನ್ ವಾಲ್ಡೀಸ್‌ಗಿಂತ ದೊಡ್ಡ ಉದಾಹರಣೆ ಬೇಡ. 1989ರ ಮಾರ್ಚ್ 24ರಂದು, ಮಧ್ಯರಾತ್ರಿ ಕಳೆದ ಮೇಲೆ, ಈ ತೈಲ ಹಡಗು ಅಲಾಸ್ಕಾ ಕರಾವಳಿಯ ಬ್ಲೈ ಬಂಡೆಸಾಲಿಗೆ ಏರಿ ಕೂತಿತು. ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಸಮುದ್ರದ ಪಾಲಾಯಿತು. ಕಪ್ತಾನ ಕುಡಿದಿದ್ದ ಎಂಬ ಸುದ್ದಿ ಹೊರಬಿದ್ದದ್ದೇ ತಡ, ಜಗತ್ತಿಗೆ ಖಳನಾಯಕ ಸಿಕ್ಕಿಬಿಟ್ಟ. ಆದರೆ ಆ ಹೊತ್ತಿನಲ್ಲಿ ಹಡಗು ನಡೆಸುತ್ತಿದ್ದವನು ಕಪ್ತಾನನಲ್ಲ, ಅವನ ಕೈಕೆಳಗಿನ ಅಧಿಕಾರಿ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಕೊಟ್ಟ ಕಾರಣಗಳ ಪಟ್ಟಿಯಲ್ಲಿ ಕಪ್ತಾನನ ಮದ್ಯವೂ ಇತ್ತು, ಸರಿ. ಅದರ ಜೊತೆಗೇ ಈ ಅಧಿಕಾರಿಯ ದಣಿವು ಮತ್ತು ಮಿತಿಮೀರಿದ ಕೆಲಸದ ಹೊರೆಯೂ ಇತ್ತು. ಜನರ ನೆನಪಿನಲ್ಲಿ ಉಳಿದದ್ದು ಬಾಟಲಿ. ದಣಿವಿನ ಮೇಲೆ ವ್ಯಂಗ್ಯಚಿತ್ರ ಬರೆಯುವುದಾದರೂ ಹೇಗೆ, ಪಾಪ?

ಮಹಾನುಭಾವರ ವಾದ ಬೇರೆ. ‘ನನಗೆ ಅಷ್ಟೇ ಸಾಕು, ನಾನು ಚುರುಕಾಗಿಯೇ ಇದ್ದೇನೆ.’ ಈ ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದು ಯಾರು? ಅದೇ ನಿದ್ದೆಗೆಟ್ಟ ಮಿದುಳು. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಎರಡು ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನಶಕ್ತಿ, ಎರಡು ರಾತ್ರಿಯವರೆಗೆ ಕಣ್ಣೇ ಮುಚ್ಚದವರ ಮಟ್ಟಕ್ಕೆ ಕುಸಿದಿತ್ತು. ಅವರನ್ನೇ ಕೇಳಿದರೆ, ಸ್ವಲ್ಪ ತೂಕಡಿಕೆ ಅಷ್ಟೇ, ಬೇರೇನಿಲ್ಲ! ಕಡಿಮೆ ನಿದ್ದೆಯಲ್ಲಿ ನಿಜಕ್ಕೂ ಚೆನ್ನಾಗಿರುವ ಜನ ಇಲ್ಲವೆಂದಲ್ಲ. ವಂಶವಾಹಿಯಲ್ಲಿನ ಒಂದು ಅಪರೂಪದ ಬದಲಾವಣೆ ಅಂಥವರಿಗೆ ಆ ವರ ಕೊಟ್ಟಿರುತ್ತದೆ. ತಮಾಷೆಯೆಂದರೆ, ಆ ಅಪರೂಪದ ವಂಶವಾಹಿ ಪ್ರತಿ ಕಂಪನಿಯ ಮೇಲಂತಸ್ತಿನಲ್ಲಿ ಮಾತ್ರ ಕಿಕ್ಕಿರಿದು ತುಂಬಿದೆ.

ನಿದ್ದೆಯೆಂದರೆ ಕಾಲಹರಣ ಎನ್ನುತ್ತಿದ್ದ ಥಾಮಸ್ ಎಡಿಸನ್ ಈ ಪಂಥದ ಮೂಲಪುರುಷ. ಅವರ ಪ್ರಯೋಗಶಾಲೆಯ ಗ್ರಂಥಾಲಯದಲ್ಲಿ ಪುಸ್ತಕಗಳ ನಡುವೆಯೇ ಒಂದು ಮಂಚ ಹಾಕಿಸಿಕೊಂಡಿದ್ದರು ಎಂಬುದನ್ನು ಶಿಷ್ಯರು ಹೇಳುವುದಿಲ್ಲ. ಹದಿನಾಲ್ಕು ವರ್ಷ ಎವೆ ಮುಚ್ಚದ ಲಕ್ಷ್ಮಣನನ್ನೂ ಇವರು ಆಗಾಗ ಎಳೆದು ತರುವುದುಂಟು. ಜನಪದರು ಲೆಕ್ಕದಲ್ಲಿ ಪಕ್ಕಾ. ಗಂಡನ ಪಾಲಿನ ಅಷ್ಟೂ ನಿದ್ದೆಯನ್ನು ಊರ್ಮಿಳೆ ಅರಮನೆಯಲ್ಲಿ ಮಲಗಿ ತೀರಿಸಿದಳು ಎಂದು ಕಥೆ ಕಟ್ಟಿದರು. ನಮ್ಮ ಸಾಹೇಬರ ಬಾಕಿ ನಾಲ್ಕು ಗಂಟೆಯನ್ನು ಯಾರು ಮಲಗುತ್ತಿದ್ದಾರೆ? ರಾತ್ರಿ ಎರಡಕ್ಕೆ ಅವರು ಕಳಿಸಿದ ಇಮೇಲ್‌ಗೆ ಉತ್ತರ ಬರೆಯುತ್ತಾ ಇಡೀ ಕಚೇರಿಯೇ ಎದ್ದು ಕೂತಿದೆ.

ಇತ್ತ ನಿದ್ದೆಯೇ ಕಾಯಿಲೆಯಾದವರ ಪಾಡು ನೋಡಿ. ನಿದ್ದೆ ಬರುತ್ತಿಲ್ಲ ಎಂದವನಿಗೆ ‘ಏನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ’ ಎಂಬ ಔಷಧಿ ಪುಕ್ಕಟೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಅದರ ಅನುಪಾನ. ಮಿದುಳಿನಲ್ಲಿ ಎಚ್ಚರ ಕಾಯುವ ಒರೆಕ್ಸಿನ್ ತಯಾರಿಸುವ ಜೀವಕೋಶಗಳೇ ನಾಶವಾಗಿ, ಮಾತಾಡುತ್ತಾ ಕೂತಲ್ಲೇ ನಿದ್ದೆಗೆ ಜಾರುವ ನಾರ್ಕೊಲೆಪ್ಸಿಯ ರೋಗಿಗೆ ಸಿಗುವ ಬಿರುದು ಸೋಮಾರಿ. ಎಲ್ಲಕ್ಕಿಂತ ಮಜವಾದದ್ದು ಗೊರಕೆಯ ಮರ್ಯಾದೆ. ಸ್ಲೀಪ್ ಆಪ್ನಿಯಾ ಇರುವವನಿಗೆ ಮಲಗಿದಾಗ ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಕನಿಷ್ಠ 10 ಸೆಕೆಂಡು ಉಸಿರು ನಿಂತರೆ ಅಥವಾ ತೀರಾ ಕುಗ್ಗಿದರೆ ಒಂದು ಸಲ ಎಂದು ಲೆಕ್ಕ. ಗಂಟೆಗೆ 30 ಸಲ ಮುಟ್ಟಿದರೆ ಕಾಯಿಲೆ ತೀವ್ರ. ಎರಡು ನಿಮಿಷಕ್ಕೊಮ್ಮೆ ಕತ್ತು ಹಿಸುಕಿಸಿಕೊಂಡು, ಮಿದುಳು ಗಾಬರಿಬಿದ್ದು ಎಬ್ಬಿಸಿ, ಮತ್ತೆ ಮಲಗಿ, ಮತ್ತೆ ಹಿಸುಕಿಸಿಕೊಂಡು ಅವನು ಬೆಳಗು ಮಾಡುತ್ತಾನೆ. ಪಕ್ಕದ ಕೋಣೆಯವರು, ‘ಪುಣ್ಯವಂತ ಕಣ್ರೀ, ತಲೆ ದಿಂಬಿಗೆ ಇಟ್ಟ ತಕ್ಷಣ ಗೊರಕೆ!’ ಮೂಗಿಗೆ ಮುಖವಾಡ ಹಾಕಿ ಗಾಳಿ ಒತ್ತಿ ಆ ದಾರಿಯನ್ನು ತೆರೆದಿಡುವ ಯಂತ್ರದ ವಿವರ 1981ರಲ್ಲೇ ಪ್ರಕಟವಾಗಿದೆ. ಆದರೆ ಮುಖವಾಡ ಹಾಕಿಕೊಂಡು ಮಲಗಿದರೆ ನೋಡಿದವರು ಏನೆಂದುಕೊಂಡಾರು? ಉಸಿರು ಕಟ್ಟುವುದರಲ್ಲಿ ಅಂಥ ಮುಜುಗರವಿಲ್ಲ.

ಅಂತೂ ಒಂದು ದಿನ ಆತ ಆಸ್ಪತ್ರೆಗೆ ಹೋದ ಅನ್ನಿ. ಅಲ್ಲಿ ರೋಗಿಗಿಂತ ವೈದ್ಯರ ಕಣ್ಣೇ ಕೆಂಪಗಿರುತ್ತದೆ. ದಿನಕ್ಕೆ ಏಳು ಗಂಟೆಯಾದರೂ ಮಲಗಬೇಕು ಎಂದು ಚೀಟಿಯಲ್ಲಿ ಬರೆದುಕೊಡುವ ಆ ಎಳೆಯ ವೈದ್ಯರು ಮನೆಗೆ ಹೋಗಿ ಎಷ್ಟು ಹೊತ್ತಾಯಿತು ಎಂದು ಮಾತ್ರ ಕೇಳಬಾರದು. ಅಮೆರಿಕದಲ್ಲಿ 2011ರಲ್ಲಿ ಮೊದಲ ವರ್ಷದ ತರಬೇತಿ ವೈದ್ಯರ ಪಾಳಿಯನ್ನು 16 ಗಂಟೆಗೆ ಇಳಿಸಿದರು. 2017ರಲ್ಲಿ ಮತ್ತೆ 24ಕ್ಕೆ ಏರಿಸಿ, ರೋಗಿಗಳನ್ನು ಮುಂದಿನವರಿಗೆ ಒಪ್ಪಿಸುವುದೇ ಮೊದಲಾದ ಕೆಲಸಕ್ಕೆಂದು ಮೇಲೆ ನಾಲ್ಕು ಗಂಟೆ ಸೇರಿಸಿದರು. ಪಾಳಿ ಮೊಟಕಾದರೆ ರೋಗಿ ಪದೇ ಪದೇ ಕೈ ಬದಲಾಗುತ್ತಾನೆ, ಅದೂ ಅಪಾಯ ಎಂಬುದು ಅವರ ವಾದ. ಇರಬಹುದು. ಕೈ ಬದಲಾಗುವುದು ಬೇಡವೆಂದು ಅಮಲೇರಿದ ಚಾಲಕನನ್ನೇ ಮುಂದುವರಿಸುವ ಬಸ್ಸಿಗೆ ನಾನಂತೂ ಹತ್ತಲಾರೆ.

ಆಸ್ಪತ್ರೆ ಬೇಡವೆಂದವರಿಗೆ ಕೈಗಡಿಯಾರವಿದೆ. ರಾತ್ರಿಯೆಲ್ಲ ಮಣಿಕಟ್ಟಿಗೆ ಅಂಟಿಕೊಂಡು, ಬೆಳಿಗ್ಗೆ ನಿದ್ದೆಗೆ ಅಂಕ ಕೊಡುತ್ತದೆ. ಹಾಯಾಗಿ ಮಲಗಿ ಎದ್ದವನು ನೂರಕ್ಕೆ 58 ಬಂದದ್ದು ನೋಡಿ ಆ ಕ್ಷಣದಿಂದಲೇ ಸುಸ್ತಾಗುತ್ತಾನೆ. ಮರುರಾತ್ರಿ ಪರೀಕ್ಷೆಯ ಭಯ. ಭಯಕ್ಕೆ ನಿದ್ದೆ ಬಾರದು. ಅಂಕ ಇನ್ನೂ ಕೆಳಗೆ. ಒಳ್ಳೆಯ ನಿದ್ದೆಯ ಹಠಕ್ಕೆ ಬಿದ್ದು ಇದ್ದ ನಿದ್ದೆಯನ್ನೂ ಕಳೆದುಕೊಳ್ಳುವ ಈ ಸ್ಥಿತಿಗೆ ‘ಆರ್ಥೊಸಾಮ್ನಿಯಾ’ ಎಂದು ಸಂಶೋಧಕರು ಹೆಸರಿಟ್ಟದ್ದೂ ಅದೇ 2017ರಲ್ಲಿ.

ಆ ವರ್ಷದ ವೈದ್ಯಕೀಯ ನೊಬೆಲ್ ಕೂಡ ಇದೇ ವಿಷಯಕ್ಕೆ ಸಂದಿತು. ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎಂದು ಜೀವಿಗಳ ಒಳಗೇ ಟಿಕ್ ಟಿಕ್ ಎನ್ನುವ ಗಡಿಯಾರದ ಗುಟ್ಟು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಷ್ ಮತ್ತು ಮೈಕೆಲ್ ಯಂಗ್ ಅದನ್ನು ಹಂಚಿಕೊಂಡರು. ಮೂವರೂ ಅಮೆರಿಕದವರು. ಪ್ರಶಸ್ತಿ ಘೋಷಣೆಯಾಗುವುದು ಸ್ಟಾಕ್‌ಹೋಮ್‌ನ ಹಾಡುಹಗಲಲ್ಲಿ. ಹೀಗಾಗಿ ದೇಹದ ಗಡಿಯಾರವನ್ನು ಗೌರವಿಸಲು ಸಮಿತಿಯವರು ರಾಸ್‌ಬ್ಯಾಷ್ ಅವರಿಗೆ ಫೋನ್ ಮಾಡಿದ್ದು ಬೆಳಗಿನ ಜಾವ ಐದರ ಸುಮಾರಿಗೆ, ಗಾಢ ನಿದ್ದೆಯಿಂದ ಎಬ್ಬಿಸಿ.